‘ಇರ್ಫಾನ್ ಖಾನ್‌ಗೆ ಬಂದಿದ್ದು ಇದೇ ಅಲ್ಲವೇ?’

ಬಯಾಪ್ಸಿ ವರದಿ ಹಿಡಿದು ಪೆಥಾಲಜಿಸ್ಟ್ ಆದ ನನ್ನ ಬಳಿ ಬರುವವರು ಪದೇ ಪದೇ ಕೇಳುವ ಪ್ರಶ್ನೆಯಿದು. 2018ರಲ್ಲಿ ಆ ನಟ ತಮಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಇದೆಯೆಂದು ತಿಳಿಸಿದ ಮೇಲೆ ಈ ಹೆಸರು ಕೇಳಿದರೇ ಜನ ಬೆಚ್ಚುತ್ತಾರೆ. ಹೆಸರು ಒಂದೇ ಆದರೂ ಕಾಯಿಲೆಯ ನಡೆ ಒಂದೇ ಅಲ್ಲ ಎಂಬುದು ನನ್ನ ಉತ್ತರ.

ಹಾರ್ಮೋನು ಸ್ರವಿಸುವ ಜೀವಕೋಶಗಳಿಂದ ಹುಟ್ಟುವ ಈ ಗಡ್ಡೆ ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳದಲ್ಲಿದ್ದಾಗ ಹೆಚ್ಚಿನಂಶ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಬೇರಾವುದೋ ಕಾರಣಕ್ಕೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿದಾಗ, ಕಡಲೆಕಾಳಿನಷ್ಟಿರುವ ಹಳದಿ ಛಾಯೆಯ ನುಣುಪಾದ ಉಬ್ಬಾಗಿ ಕಣ್ಣಿಗೆ ಬೀಳುತ್ತದೆ. ಕರುಳಿನ ಒಳಪೊರೆಯಲ್ಲಿ ಬೆಳೆಯುವ ಸಾಧಾರಣ ಗಂಟಾದ ಪಾಲಿಪ್‌ನಂತೆ ಕಾಣುವುದೇ ಇದರ ಮೋಸ. ತಂತಿಯ ಕುಣಿಕೆ ಹಾಕಿ ಕತ್ತರಿಸಿದರೆ ಒಳಪೊರೆಯ ಕೆಳಗಿನ ಪದರಕ್ಕಿಳಿದ ಬುಡ ಎಷ್ಟೋ ಸಲ ಅಲ್ಲೇ ಉಳಿಯುತ್ತದೆ, ‘ಅಂಚಿನಲ್ಲಿ ಗಡ್ಡೆಯಿದೆ’ ಎಂದು ನಾನು ಬರೆಯಬೇಕಾಗುತ್ತದೆ. 1 ಸೆಂ.ಮೀ.ಗಿಂತ ಚಿಕ್ಕದನ್ನು ಆ ಪದರದ ಸಮೇತ ಎಬ್ಬಿಸಿ ತೆಗೆಯುವ ಎಂಡೋಸ್ಕೋಪಿ ವಿಧಾನಗಳಿವೆ. 2 ಸೆಂ.ಮೀ. ದಾಟಿದರೆ ದುಗ್ಧಗ್ರಂಥಿಗಳಿಗೆ ಹರಡಿರುವ ಸಂಭವ ಹೆಚ್ಚಿರುವುದರಿಂದ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ನಿಜವಾದ ತಲೆನೋವು ಇವೆರಡರ ನಡುವಿನ ಅಳತೆಯದು; ಅಲ್ಲಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ನೋಡದೆ ಯಾರೂ ತೀರ್ಮಾನ ಹೇಳಬಾರದು.

ನನ್ನ ಮೇಜಿನ ಮೇಲೆ ನಡೆಯುವುದು, ಗಡ್ಡೆ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ತಿಳಿಯುವ ಎಣಿಕೆ. ಕೆಐ-67 ಎಂಬ ಬಣ್ಣ ಹಾಕಿದ ಸ್ಲೈಡಿನಲ್ಲಿ, ವಿಭಜನೆಗೆ ಅಣಿಯಾದ ಕೋಶಗಳ ಕೇಂದ್ರ ಕಂದಾಗಿ ಹೊಳೆಯುತ್ತದೆ. ಅವು ಅತಿ ಹೆಚ್ಚು ದಟ್ಟವಾಗಿರುವ ಜಾಗವನ್ನು ಹುಡುಕಿ ಕನಿಷ್ಠ 500 ಕೋಶಗಳನ್ನು ಎಣಿಸುತ್ತೇನೆ. ಕಂದಾದವು ಶೇ 3ಕ್ಕಿಂತ ಕಡಿಮೆಯಿದ್ದರೆ ಗ್ರೇಡ್ 1, ಶೇ 20ರವರೆಗೆ ಗ್ರೇಡ್ 2, ಅದಕ್ಕೂ ಮೇಲಿದ್ದರೆ ಗ್ರೇಡ್ 3. ಕೋಶಗಳ ರೂಪವೇ ಕೆಟ್ಟು, ವೇಗವಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ ಬೇರೆಯೇ ರೋಗ. ಅದು ಹರಡಿದಾಗ ಎಟೊಪೊಸೈಡ್‌ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೊಪ್ಲಾಟಿನ್ ಎಂಬ ಕಿಮೊಥೆರಪಿ ಔಷಧಗಳನ್ನು ಕೊಡುತ್ತಾರೆ. ನಿಧಾನಗತಿಯ ಗಡ್ಡೆ ಹರಡಿದ್ದರೆ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಅದರ ನೆಲೆಗಳನ್ನು ತೋರಿಸುತ್ತದೆ, ಹಾಗೆ ಕಂಡವಕ್ಕೆ ಆಕ್ಟ್ರಿಯೊಟೈಡ್ ಅಥವಾ ಲ್ಯಾನ್ರಿಯೊಟೈಡ್ ಚುಚ್ಚುಮದ್ದು, ವಿಕಿರಣ ಸೂಸುವ ಲ್ಯುಟೀಷಿಯಂ ಚಿಕಿತ್ಸೆ ಇವೆ.

ಹೆದರಿಕೆಯಿಂದ ತಾವಾಗಿಯೇ, ಈ ಗಡ್ಡೆಯ ಸುಳಿವು ಹುಡುಕುವ ಕ್ರೋಮೋಗ್ರಾನಿನ್ ರಕ್ತಪರೀಕ್ಷೆ ಮಾಡಿಸಿಕೊಂಡು ಬರುವವರೂ ಇದ್ದಾರೆ; ಗ್ಯಾಸ್ಟ್ರಿಕ್‌ಗೆಂದು ದಿನವೂ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಅದು ಗಡ್ಡೆಯಿಲ್ಲದೆಯೂ ಏರಿರಬಹುದು.

ಹಾಗಾಗಿ ಬಂದವರ ವರದಿಯಲ್ಲಿ ರೋಗದ ಹೆಸರನ್ನು ಬಿಟ್ಟು ಕೆಳಗಿನ ಸಾಲುಗಳನ್ನು ಓದಿ ಹೇಳುತ್ತೇನೆ: 7 ಮಿ.ಮೀ., ಗ್ರೇಡ್ 1, ರಕ್ತನಾಳಗಳಿಗೆ ಇಳಿದಿಲ್ಲ, ಅಂಚು ಸ್ವಚ್ಛ. ಇಷ್ಟು ಇದ್ದವರಿಗೆ ಈ ಗಡ್ಡೆಗಾಗಿ ಸಾಮಾನ್ಯವಾಗಿ ಮುಂದಿನ ಚಿಕಿತ್ಸೆ ಯಾವುದೂ ಬೇಕಾಗುವುದಿಲ್ಲ.