ನಕ್ಷೆಗೆ ಮೊದಲು ಬಕೆಟ್ ನೋಡಿ
ಉಡುಪಿ ಕಡೆಯ ಗದ್ದೆಗಳ ಸತು, ಬೋರಾನ್ ನಕ್ಷೆ ಮಾಡುವವರು ನಕ್ಷೆ ತಂತ್ರಾಂಶ ಕ್ಯುಜಿಐಎಸ್ ತೆರೆಯುವ ಮೊದಲು ಮಣ್ಣಿನ ಮಾದರಿ ಬೆರೆಸುವ ಬಕೆಟ್ ನೋಡಿಕೊಳ್ಳಿ. ಸತು ಲೇಪದ ತಗಡಿನ ಬಕೆಟ್‌ನಲ್ಲಿ ಮಣ್ಣು ಬೆರೆಸಿದರೆ ವರದಿಗೆ ಬಕೆಟ್‌ನ ಸತುವೂ ಸೇರುತ್ತದೆ. ಪ್ಲಾಸ್ಟಿಕ್‌ನದ್ದೇ ಇರಲಿ. ಭತ್ತಕ್ಕೆ 15 ಸೆಂ.ಮೀ. ಆಳ ಸಾಕು, ಒಣಗಿಸುವುದು ನೆರಳಲ್ಲಿ. ಡಿಟಿಪಿಎ ದ್ರಾವಣದಿಂದ ಅಳೆದ ಸತು 0.6 ಪಿಪಿಎಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ. ಬಿಸಿನೀರಲ್ಲಿ ಕರಗುವ ಬೋರಾನ್‌ಗೆ ಈ ಮಿತಿ 0.5 ಪಿಪಿಎಂ.

ನಕ್ಷೆ ಕೆಡುವುದು ಹೆಚ್ಚಾಗಿ ಇಂಟರ್‌ಪೊಲೇಷನ್‌ನಲ್ಲಿ, ಅಂದರೆ ಮಾದರಿ ತೆಗೆಯದ ಜಾಗದ ಮಟ್ಟವನ್ನು ಸುತ್ತಲಿನ ಮಾದರಿಗಳಿಂದ ಅಂದಾಜಿಸುವಾಗ. ಎತ್ತರದ ಬೆಟ್ಟು ಗದ್ದೆಯಿಂದ ತಗ್ಗಿನ ಬೈಲಿಗೆ ಇಳಿದರೆ ಮಣ್ಣೇ ಬೇರೆ. ಮೇಲೆ ಮುರಕಲ್ಲಿನ ಮಣ್ಣು, ಮಳೆಗೆ ಬೋರಾನ್ ತೊಳೆದುಹೋಗುವ ಜಾಗ. ಕೆಳಗೆ ನೀರು ನಿಂತು ಕಬ್ಬಿಣ ಕರಗುವ ಜಾಗ. ಕ್ರಿಗಿಂಗ್ ಎಂಬ ಅಂದಾಜಿನ ವಿಧಾನಕ್ಕೆ ಆ ಅಂಚು ಕಾಣುವುದಿಲ್ಲ, ಎರಡನ್ನೂ ಬೆರೆಸಿ ನುಣ್ಣಗೆ ಬಣ್ಣ ಹಚ್ಚಿಬಿಡುತ್ತದೆ. ಆ ಬಣ್ಣ ನಂಬಿ ಬೇಡದ ಕಡೆ ಜಿಂಕ್ ಸಲ್ಫೇಟ್ ಸುರಿದರೆ ಹೋಗುವುದು ರೈತರ ದುಡ್ಡು, ಇದು ನಿಜಕ್ಕೂ ಬೇಸರದ ಸಂಗತಿ. ಹಾಗಾಗಿ ಬೈಲು, ಮಜಲು (ನಡುಮಟ್ಟದ ಗದ್ದೆ), ಬೆಟ್ಟಿಗೆ ಬೇರೆಬೇರೆ ಪಾಲಿಗನ್ (ಗಡಿರೇಖೆ) ಎಳೆದು, ಒಂದೊಂದರೊಳಗೇ ಲೆಕ್ಕ ಹಾಕಿ. ದೂರ ಮೀಟರ್‌ನಲ್ಲೇ ಬರಬೇಕು, ಅಂದರೆ ಯುಟಿಎಂ ನಿರ್ದೇಶಾಂಕ ಪದ್ಧತಿಯ 43 ಉತ್ತರ ವಲಯ. ಡಿಗ್ರಿಯಲ್ಲಿ ಬಿಟ್ಟರೆ ವೇರಿಯೋಗ್ರಾಮ್‌ಗೆ (ದೂರ ಹೆಚ್ಚಿದಂತೆ ಮಾದರಿಗಳ ವ್ಯತ್ಯಾಸ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕಕ್ಕೆ) ಅರ್ಥವಿಲ್ಲ. ಮಾದರಿಗಳು 50 ಕೂಡ ಇಲ್ಲವೆಂದರೆ ಕ್ರಿಗಿಂಗ್ ಬಿಡಿ, ಬಿಂದುಗಳಿಗೇ ಬಣ್ಣ ಕೊಟ್ಟು ಮುದ್ರಿಸಿ.