ಮೆಟ್ಟುಗತ್ತಿ ಮುಂದೆ ಆರು ದಿನ

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬೆಳಿಗ್ಗೆ ಆರೂವರೆ. ಡಿಸೆಂಬರ್ ಚಳಿ. ತೋಟದ ಯಜಮಾನರು ಬೈಕ್ ತಂದಿದ್ದರು. ನನ್ನ ಚೀಲದ ಗಾತ್ರ ನೋಡಿ, 'ಇಷ್ಟೆಲ್ಲ ಎಂತ ತಂದ್ರಿ ಮಾರಾಯ್ರೆ? ಎರಡು ಲುಂಗಿ ಸಾಕಿತ್ತು' ಅಂದರು. ಚೀಲದಲ್ಲಿ ಮೂರು ಪುಸ್ತಕ, ಒಂದು ಯೋಗ ಮ್ಯಾಟ್ ಇತ್ತು. ಆರು ದಿನವೂ ಅವನ್ನು ಹೊರಗೆ ತೆಗೆಯಲಿಲ್ಲ.

ತೋಟದಲ್ಲಿ ದುಡಿದು ರಜೆ ಕಳೆಯುವ ಈ ಹುಚ್ಚು ಹೊಸದಲ್ಲ. 1971ರಲ್ಲಿ ಲಂಡನ್ನಿನ ಸೂ ಕಾಪರ್ಡ್ ಎಂಬ ಸೆಕ್ರೆಟರಿಗೆ ವಾರಾಂತ್ಯಕ್ಕೆ ಹಳ್ಳಿಗೆ ಹೋಗೋಣ ಅನ್ನಿಸಿತಂತೆ. ಸಸೆಕ್ಸಿನ ಸಾವಯವ ತೋಟವೊಂದಕ್ಕೆ ಕೆಲವರನ್ನು ಸೇರಿಸಿಕೊಂಡು ಹೋದಳು. ಕೆಲಸಕ್ಕೆ ಬದಲು ಊಟ, ಮಲಗಲು ಜಾಗ. ಅದೇ ಬೆಳೆದು ಇವತ್ತಿನ 'ವೂಫ್' (WWOOF) ಎಂಬ ಜಾಲ ಆಗಿದೆ. ನಾನು ಬಂದದ್ದು ಗೆಳೆಯನ ಪರಿಚಯದ ಮೇಲೆ. ಕರಾರು ಮಾತ್ರ ಅದೇ: ದಿನಕ್ಕೆ ಐದು ತಾಸು ಕೆಲಸ, ಎರಡೂ ಕಡೆ ದುಡ್ಡಿನ ಮಾತಿಲ್ಲ.

ಹೋದದ್ದು ಅಡಿಕೆ ಕೊಯ್ಲಿನ ಸಮಯ. ಬೆಳಿಗ್ಗೆ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವ, ಬಂದ. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಸರಸರ ಮರ ಹತ್ತಿದ. ಒಂದು ಮರದ ಕೊನೆ ಕೊಯ್ದು, ಕೆಳಗಿಳಿಯದೆ, ಮರವನ್ನೇ ಬಗ್ಗಿಸಿ ಪಕ್ಕದ ಮರಕ್ಕೆ ದಾಟಿಬಿಟ್ಟ! ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತದೆ. ಕೆಳಗೆ ಒಬ್ಬರು ಹಗ್ಗವನ್ನು ಬಿಗಿಯಾಗಿ ಹಿಡಿದಿರಬೇಕು. ಹತ್ತು ನಿಮಿಷ ನನಗೆ ಕೊಟ್ಟರು. ಮೊದಲ ಕೊನೆ ಬಂದು ಹೊಟ್ಟೆಗೆ ಬಡಿಯಿತು. ಎರಡನೆಯದು ಬರುವಾಗ ಹೆದರಿ ಹಗ್ಗ ಸಡಿಲ ಬಿಟ್ಟೆ. ಕೊನೆ ಕಾಲುವೆಗೆ ಬಿತ್ತು. ಮೇಲಿನಿಂದ ಕೊನೆಗೌಡ ಏನೋ ಕೂಗಿದ, ಅರ್ಥ ಆಗಲಿಲ್ಲ. ಆಗದಿದ್ದದ್ದೇ ಒಳ್ಳೆಯದು. ಆಮೇಲೆ ನನಗೆ ಉದುರಿದ ಅಡಿಕೆ ಹೆಕ್ಕುವ ಕೆಲಸ.

ನಿಜವಾದ ಪರೀಕ್ಷೆ ಸಂಜೆಗೆ. ಅಂಗಳದಲ್ಲಿ ಹಸಿ ಅಡಿಕೆ ರಾಶಿ, ಸುತ್ತ ಸುಲಿಯುವವರು. ಮೆಟ್ಟುಗತ್ತಿ ಅಂದರೆ ಮಣೆಗೆ ಕೂರಿಸಿದ ಕತ್ತಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಅಡಿಕೆಯನ್ನು ಕತ್ತಿಯ ತುದಿಗೆ ಒತ್ತಿ ತಿರುಚಿದರೆ ಸಿಪ್ಪೆ ಬಿಟ್ಟು ಬೇಳೆ ಹೊರಬರಬೇಕು. ನನಗೆ ಬೇಳೆಯೇ ಎರಡು ಹೋಳಾಗಿ ಬಂತು. ಪಕ್ಕದಲ್ಲಿ ಕೂತಿದ್ದ ಅಕ್ಕ ಕತ್ತಿಯ ಕಡೆ ನೋಡುತ್ತಲೇ ಇರಲಿಲ್ಲ. ಮಗಳ ಮದುವೆ ಮಾತು ಆಡುತ್ತ ಟಕ್ ಟಕ್ ಅಂತ ಸುಲಿಯುತ್ತಿದ್ದರು. ಅವರು ಎರಡು ಡಬ್ಬಿ ತುಂಬಿಸುವಷ್ಟರಲ್ಲಿ ನನ್ನ ಡಬ್ಬಿಯ ತಳ ಮುಚ್ಚಿರಲಿಲ್ಲ. ಮೇಲಿಂದ ಹೆಬ್ಬೆರಳು ಬೇರೆ ಕುಯ್ದುಕೊಂಡೆ. ಅತ್ತಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. 'ತಮಾ, ಸುಮ್ನೆ ಕೂತು ನೋಡು' ಅಂತ ಅಜ್ಜ ಒಳಗಿಂದಲೇ ಹೇಳಿದರು.

ಹಸಿ ಅಡಿಕೆಯ ಚೊಗರು ಕೈಗೆ ಹತ್ತಿದರೆ ಬಿಡುವುದಿಲ್ಲ. ಮಾರನೇ ಬೆಳಿಗ್ಗೆ ಉಗುರಿನ ಸಂದಿ, ಗೆರೆ ಎಲ್ಲ ಕಪ್ಪು. ನಿಂಬೆಹುಳಿ ತಿಕ್ಕಿದೆ, ಸೋಪು ತಿಕ್ಕಿದೆ. ಕೈ ಮೊದಲಿಗಿಂತ ಜಾಸ್ತಿ ಕಪ್ಪಾದಂತೆ ಕಂಡಿತು.

ಸುಲಿದದ್ದನ್ನು ರಾತ್ರಿಯೇ ದೊಡ್ಡ ಹಂಡೆಯಲ್ಲಿ ಚೊಗರು ನೀರಿಗೆ ಹಾಕಿ ಬೇಯಿಸುತ್ತಾರೆ. ಆಮೇಲೆ ಬಿಸಿಲು. ಆಗ ಅದು ಕೆಂಪಡಿಕೆ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ಅಂತ ಒಲೆ ಮುಂದೆ ಕೂತು ನಾನು ಹೇಳಿದೆ. 'ಹೌದಾ, ಸೌದೆ ಮುಂದೆ ತಳ್ಳಿ' ಅಂದರು ಯಜಮಾನರು.

ತೋಟಕ್ಕೆ ಅವರು ಗೊಬ್ಬರ ಕೊಳ್ಳುವುದಿಲ್ಲ. ಹಿಂದೆ ಸೊಪ್ಪಿನ ಬೆಟ್ಟ ಇದೆ, ತೋಟಕ್ಕೆ ಸೊಪ್ಪು ತರುವ ಕಾಡು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟದ ಲೆಕ್ಕ ಬ್ರಿಟಿಷರ ಕಾಲದ್ದು. ಸೊಪ್ಪು ಮತ್ತು ದರಕು, ಅಂದರೆ ಒಣಗಿದ ಎಲೆ, ಅಲ್ಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಗುಂಡಿಯಿಂದ ಮರದ ಬುಡಕ್ಕೆ. ಎರಡು ದಿನ ಗೊಬ್ಬರ ಹೊತ್ತದ್ದು ನಾನೇ. ಅದೊಂದರಲ್ಲಿ ಪಾಸಾದೆ.

ಕೊಟ್ಟಿಗೆಯ ಮೂಲೆಯಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀಲಿ ಕಲೆ ಇದ್ದ ಡ್ರಮ್ ಕಂಡು, 'ಇದು ಸಾವಯವವಾ?' ಅಂತ ಕೇಳಿಬಿಟ್ಟೆ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ, ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಸಾವಯವ ನಿಯಮಗಳಲ್ಲೂ ತಾಮ್ರಕ್ಕೆ ಮಿತಿಯಲ್ಲಿ ಅವಕಾಶ ಇದೆ. ಯಜಮಾನರು ಅದ್ಯಾವುದನ್ನೂ ಹೇಳಲಿಲ್ಲ. 'ಆಷಾಢದಲ್ಲಿ ಒಂದು ತಿಂಗಳು ಬಂದು ಇರಿ. ಉದುರಿದ ಕಾಯಿ ಹೆಕ್ಕಿ. ಆಮೇಲೆ ಮಾತಾಡುವ' ಅಂದರು. ಬೆಂಗಳೂರಿನಲ್ಲಿ ಕೂತು ಪ್ಯಾಕೆಟ್ ಮೇಲಿನ ಹಸಿರು ಮುದ್ರೆ ನೋಡಿ ತರಕಾರಿ ಕೊಳ್ಳುವವನು ನಾನು. ಸುಮ್ಮನಾದೆ.

ಊಟದ ವಿಷಯಕ್ಕೆ ಬಂದರೆ ನಾಚಿಕೆಯಾಗುತ್ತದೆ. ಬೆಳಿಗ್ಗೆ ತೆಳ್ಳೇವು ಎಂಬ ತೆಳು ದೋಸೆ, ಜೋನಿಬೆಲ್ಲ, ತುಪ್ಪ. ಮಧ್ಯಾಹ್ನ ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಒಂದು ದಿನ ಏಳು ತೆಳ್ಳೇವು ತಿಂದೆ. ಸುಲಿದ ಅಡಿಕೆಯ ಲೆಕ್ಕ ಹಿಡಿದರೆ ನಾನೇ ಅವರಿಗೆ ಬಾಕಿ. ರಜೆ ಅಂತ ಹೋಗುವ ನಮ್ಮಂಥವರಿಂದ ತೋಟಕ್ಕೆ ಲಾಭ ಇದೆಯಾ ಅಂತ ಕೇಳಿದರೆ, ಮೊದಲ ವಾರವಂತೂ ಇಲ್ಲ. ಕಲಿಸುವವರ ಸಮಯವೇ ಹಾಳು.

ಹೊರಡುವ ದಿನ ಇದನ್ನೇ ಅತ್ತಿಗೆಗೆ ಹೇಳಿದೆ. ಅವರು ಅಪ್ಪೆಮಿಡಿ ಬಾಟಲಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟುತ್ತಿದ್ದರು. ತಲೆ ಎತ್ತದೆ, 'ಫೆಬ್ರವರಿಲಿ ದರಕು ಗುಡಿಸೂಕೆ ಬನ್ನಿ. ಅದಕ್ಕೆ ಕತ್ತಿ ಬೇಡ' ಅಂದರು.