ಹೊಲದ ಮನೆಯ ಹಳೆಯ ಕಾಗದಗಳು

ಆಳಂದ ತಾಲ್ಲೂಕಿನಲ್ಲಿ, ಅಮರ್ಜಾ ನದಿಯಿಂದ ಸ್ವಲ್ಪ ದೂರದಲ್ಲಿ, ನಮ್ಮ ಮನೆತನಕ್ಕೆ ಸೇರಿದ ಒಂದು ಹೊಲದ ಮನೆಯಿದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ ಫರಸಿ, ಹಿಂದೆ ಮೆಟ್ಟಿಲುಗಳಿರುವ ಬಾವಿ. ಒಟ್ಟು ಐದು ಅಂಕಣದ ಮನೆ (ಅಂಕಣ ಎಂದರೆ ತೊಲೆಗಳ ನಡುವಿನ ಒಂದೊಂದು ಭಾಗ). ಆಸ್ತಿಯ ಪಾಲಿನ ಮಾತು ಬಂದಾಗ, ಈ ಮನೆಯನ್ನು ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಹಿರಿಯರಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಮುತ್ಯಾ, ಅಂದರೆ ನನ್ನ ಅಜ್ಜ, ಕಟ್ಟಿಸಿದ್ದು ಎಂಬುದು ಹೆಚ್ಚಿನವರ ನಂಬಿಕೆಯಾಗಿತ್ತು. ಕಾಗದಗಳು ಏನು ಹೇಳುತ್ತವೆ ಎಂದು ನೋಡಲು ನಾನು ಕುಳಿತದ್ದು ಆಗ.

ಮೊದಲ ತೊಡಕು ಪಹಣಿಯಲ್ಲಿಯೇ ಎದುರಾಯಿತು. ಪಹಣಿ ಭೂಮಿಯ ದಾಖಲೆಯೇ ಹೊರತು ಕಟ್ಟಡದ ದಾಖಲೆಯಲ್ಲ. ಅದರಲ್ಲಿ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಭಾಗ), ಆಕಾರ (ಕಂದಾಯದ ಮೊತ್ತ), ಬೆಳೆ ಎಲ್ಲವೂ ಇರುತ್ತವೆ. ಹೊಲದ ನಡುವೆ ನಿಂತಿರುವ ಮನೆ ಮಾತ್ರ ಇರುವುದಿಲ್ಲ. ಊರೊಳಗಿನ ಗಾವಠಾಣದ ಮನೆಗಾದರೆ ಗ್ರಾಮ ಪಂಚಾಯಿತಿಯಲ್ಲಿ ಒಂದು ಆಸ್ತಿ ಸಂಖ್ಯೆ ಇರುತ್ತದೆ, ಕರ ಕಟ್ಟಿದ ರಸೀದಿ ಇರುತ್ತದೆ. ಹೊಲದ ಮನೆಗೆ ಎರಡೂ ಇಲ್ಲ. ಹೀಗಾಗಿ ಅಂಥ ಮನೆಯ ಚರಿತ್ರೆಯನ್ನು ಹುಡುಕುವವರು ಭೂಮಿಯ ಚರಿತ್ರೆಯನ್ನೇ ಹಿಡಿದು ಹಿಂದಕ್ಕೆ ಹೋಗಬೇಕು, ಮತ್ತು ಪ್ರತಿಯೊಂದು ಪತ್ರದಲ್ಲೂ ಮನೆಯ ಪ್ರಸ್ತಾಪ ಇದೆಯೇ ಎಂದು ಸಾಲು ಸಾಲಾಗಿ ನೋಡಬೇಕು.

ಹಿಂದಕ್ಕೆ ಹೋಗುವ ದಾರಿ ಪಹಣಿಯ 10ನೇ ಕಾಲಮಿನಿಂದ ಆರಂಭವಾಗುತ್ತದೆ. 9ನೇ ಕಾಲಮಿನಲ್ಲಿ ಮಾಲೀಕರ ಹೆಸರಿದ್ದರೆ, ಆ ಹಕ್ಕು ಅವರಿಗೆ ಹೇಗೆ ಬಂತು ಎಂಬುದು 10ನೆಯದರಲ್ಲಿ ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆಯ ಜೊತೆ ನಮೂದಾಗಿರುತ್ತದೆ. ಆ ಸಂಖ್ಯೆಯನ್ನು ಹಿಡಿದು ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಲ್ಲಿ ಹಳೆಯ ವಹಿಯನ್ನು ತೆಗೆಸಿದರೆ, ಕ್ರಯವೋ, ಫೌತಿಯೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದೋ), ಪಾಲೋ ಎಂಬುದು ತಿಳಿಯುತ್ತದೆ. ನಮ್ಮ ವಿಷಯದಲ್ಲಿ ಅಪ್ಪ ಮತ್ತು ಕಾಕಾಗಳ ಹೆಸರಿಗೆ ಫೌತಿಯಿಂದ, ಅದಕ್ಕೂ ಮುಂಚೆ ಮುತ್ಯಾನ ಹೆಸರಿಗೆ 1963ರ ಕ್ರಯದಿಂದ ಬಂದದ್ದೆಂದು ಸಿಕ್ಕಿತು. ಆದರೆ ಮ್ಯುಟೇಶನ್ ಎಂಬುದು ಕಂದಾಯ ಯಾರಿಂದ ವಸೂಲಾಗಬೇಕು ಎಂಬುದರ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಹಕ್ಕುದಾಖಲೆಯ ನಮೂದನ್ನು, ತಪ್ಪೆಂದು ಸಿದ್ಧವಾಗುವವರೆಗೆ, ಸರಿಯೆಂದು ಭಾವಿಸಲಾಗುತ್ತದೆ; ಅಷ್ಟೇ ಅದರ ತೂಕ. ಮೂಲ ಪತ್ರವನ್ನು ನೋಡಲು ಉಪನೋಂದಣಿ ಕಚೇರಿಗೇ ಹೋಗಬೇಕು.

ಅಲ್ಲಿ 1908ರ ನೋಂದಣಿ ಕಾಯ್ದೆಯ 57ನೇ ಕಲಂ ನಮಗೆ ನೆರವಾಗುತ್ತದೆ. ಸ್ಥಿರಾಸ್ತಿಯ ಪತ್ರಗಳನ್ನು ನಕಲು ಮಾಡಿಡುವ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಈ ಹಕ್ಕು ಪಕ್ಷಗಾರರಿಗೆ ಮಾತ್ರ ಎಂದು ತಿಳಿದು ಹಿಂದೆ ಸರಿಯುವವರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಗಣಕಯಂತ್ರ ಬರುವ ಮುಂಚಿನ ವರ್ಷಗಳಿಗೆ ಸೂಚಿಯನ್ನು ಕೈಯಿಂದಲೇ ಹುಡುಕಬೇಕು. ಹೆಸರಿನ ಸೂಚಿಗಿಂತ ಆಸ್ತಿಯ ಸೂಚಿಯನ್ನು ನೋಡುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಒಂದೇ ಹೆಸರನ್ನು ಬೇರೆ ಬೇರೆ ಬರಹಗಾರರು ಬೇರೆ ಬೇರೆ ಬಗೆಯಲ್ಲಿ ಬರೆದಿರುತ್ತಾರೆ.

1963ರ ಕ್ರಯಪತ್ರ ಕನ್ನಡದಲ್ಲಿದೆ. ಮಾರಿದವರು ಒಬ್ಬ ವಿಧವೆ. ಗಂಡನಿಂದ ಬಂದ ಆಸ್ತಿಗೆ ತಾವೇ ಪೂರ್ಣ ಒಡತಿ ಎಂದು ಅವರು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಬಂದ ಮೇಲಷ್ಟೇ ಅವರಂಥವರು ಹೀಗೆ ಬರೆಸಲು ಸಾಧ್ಯವಾಯಿತು. ಅದಕ್ಕೆ ಮುಂಚೆ ವಿಧವೆಗೆ ಇದ್ದದ್ದು ಜೀವಿತಾವಧಿಯ ಸೀಮಿತ ಹಕ್ಕು, ಮಾರಬೇಕಾದರೆ ಸಾಲ ತೀರಿಸುವುದೋ ಮಗಳ ಮದುವೆಯೋ ಎಂಬ ಕಾನೂನುಬದ್ಧ ಅಗತ್ಯವನ್ನು ತೋರಿಸಬೇಕಿತ್ತು. ಪತ್ರದ ಕೊನೆಯಲ್ಲಿ ಸಾಕ್ಷಿಗಳ ಸಹಿಗಿಂತ ಮೇಲೆ ಅವರ ಎಡಗೈ ಹೆಬ್ಬೆಟ್ಟಿನ ಗುರುತಿದೆ. ಷೆಡ್ಯೂಲಿನಲ್ಲಿ ‘ಬಾವಿ ಹಾಗೂ ಐದು ಅಂಕಣದ ಮಾಳಿಗೆ ಮನೆ ಸಹಿತ’ ಎಂಬ ಅರ್ಧ ಸಾಲಿದೆ. ಮುತ್ಯಾ ಕೊಂಡದ್ದು ಕಟ್ಟಿ ಮುಗಿದಿದ್ದ ಮನೆಯನ್ನು ಎಂಬುದು ಆ ಅರ್ಧ ಸಾಲಿನಿಂದ ಖಚಿತವಾಯಿತು.

ಆ ವಿಧವೆಯ ಗಂಡನಿಗೆ ಆಸ್ತಿ ಬಂದದ್ದು ನಿಜಾಮರ ಕಾಲದ ಉರ್ದು ಬಯನಾಮೆಯಿಂದ, ಅಂದರೆ ಕ್ರಯಪತ್ರದಿಂದ. ಅದರ ಮೂಲಪ್ರತಿ 1963ರಲ್ಲಿ ಮುತ್ಯಾನಿಗೆ ಹಸ್ತಾಂತರವಾಗಿ ಮನೆಯ ಟ್ರಂಕಿನಲ್ಲಿಯೇ ಉಳಿದಿತ್ತು; ಓದುವವರು ಮಾತ್ರ ಮನೆಯಲ್ಲಿ ಇರಲಿಲ್ಲ. ಕಲಬುರಗಿಯಲ್ಲಿ ಉರ್ದು ಶಾಲೆಯ ನಿವೃತ್ತ ಶಿಕ್ಷಕರೊಬ್ಬರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಚುಕ್ಕೆಗಳನ್ನು ಬಿಟ್ಟು ಸರಸರನೆ ಬರೆದ ಆ ಶಿಕಸ್ತಾ ಬರಹವನ್ನು ಬೆರಳಿಟ್ಟು ಓದಿಸಿದರು. ಬೆಲೆಯ ಜಾಗಕ್ಕೆ ಬಂದಾಗ ನಿಂತು, “ನೋಡ್ರಿ, ಏಳುನೂರು ರೂಪಾಯಿ ಅಂತ ಬರದು, ಅದರ ಅರ್ಧ ಮುನ್ನೂರಾ ಐವತ್ತು ಅಂತನೂ ಬರದಾರ. ನಾಳಿ ಯಾರೂ ಅಂಕಿ ತಿದ್ದಬಾರದಂತ ಮಾಡಿದ್ದಿದು” ಎಂದರು. ಮೊತ್ತದ ಜೊತೆ ಅದರ ಅರ್ಧವನ್ನೂ ಹೇಳುವ ಈ ಪದ್ಧತಿ ಹಳೆಯ ಫಾರ್ಸಿ, ಉರ್ದು ಪತ್ರಗಳಲ್ಲಿ ರೂಢಿಯಲ್ಲಿತ್ತು, ಒಂದನ್ನು ತಿದ್ದಿದರೆ ಇನ್ನೊಂದು ಅದನ್ನು ಬಯಲು ಮಾಡುತ್ತದೆ. ಏಳುನೂರು ಎಂದರೆ ಹಾಲಿ ಸಿಕ್ಕಾ, ಅಂದರೆ ಹೈದರಾಬಾದ್ ಸಂಸ್ಥಾನದ ನಾಣ್ಯ. ಏಳು ಹಾಲಿ ರೂಪಾಯಿ ಸುಮಾರು ಆರು ಕಲ್ದಾರ್ ರೂಪಾಯಿಗೆ ಸಮವಾಗಿದ್ದುದರಿಂದ, ಬ್ರಿಟಿಷ್ ಭಾರತದ ಲೆಕ್ಕದಲ್ಲಿ ಅದು 600 ರೂಪಾಯಿ.

ಪತ್ರದ ತೇದಿ ಖುರ್ದಾದ್ ತಿಂಗಳು, 1339 ಫಸಲಿ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ). ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಆದ್ದರಿಂದ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬರುವ ತೇದಿಗೆ 590ನ್ನೂ, ಜನವರಿಯಿಂದ ಮುಂದಿನದಕ್ಕೆ 591ನ್ನೂ ಕೂಡಿಸಬೇಕು. ಮದ್ರಾಸ್ ಪ್ರಾಂತ್ಯದ ಫಸಲಿ ವರ್ಷ ಜುಲೈಯಿಂದ ಎಣಿಕೆಯಾಗುತ್ತಿದ್ದುದರಿಂದ, ಆ ಭಾಗದ ಪಟ್ಟಿಯನ್ನು ನಮ್ಮ ಕಾಗದಗಳಿಗೆ ಹಚ್ಚಬಾರದು. ಖುರ್ದಾದ್ ಏಪ್ರಿಲಿನ ಹೊತ್ತಿಗೆ ಬರುತ್ತದೆ. ಹೀಗಾಗಿ ನಮ್ಮ ಬಯನಾಮೆ 1930ರ ಏಪ್ರಿಲ್ ಸುಮಾರಿನದು. ಅದರಲ್ಲಿ ಹೊಲದ ಜೊತೆ ಮಾರಾಟವಾದದ್ದು ಬಾವಿ, ಗಿಡಮರ ಮತ್ತು ಎರಡು ಖಣದ, ಅಂದರೆ ಎರಡು ಅಂಕಣದ, ಮನೆ.

ಅದಕ್ಕೂ ಹಿಂದಿನ ಒಂದೇ ಒಂದು ಕಾಗದ ಸಿಕ್ಕಿದೆ: 1331 ಫಸಲಿಯ, ಎಂದರೆ 1921-22ರ, ಅಣ್ಣತಮ್ಮಂದಿರ ಪಾಲುಪತ್ರ. ಅದು ಮರಾಠಿಯಲ್ಲಿ, ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿದೆ. ಅದರಲ್ಲಿ ಬಾವಿಯ ನೀರಿನ ಸರದಿಯನ್ನೂ, ಬದುವಿನ ಹುಣಸೆ ಮರದ ಫಲವನ್ನೂ ಅರ್ಧ ಅರ್ಧ ಹಂಚಿದ್ದಾರೆ. ಮರದ ಫಲವನ್ನೂ ಬಿಡದೆ ಹಂಚಿಕೊಂಡವರು ಮನೆಯೊಂದು ಇದ್ದಿದ್ದರೆ ಬಿಡುತ್ತಿರಲಿಲ್ಲ. ಆದ್ದರಿಂದ ಮೊದಲ ಎರಡು ಅಂಕಣಗಳು 1922ರಿಂದ 1930ರ ನಡುವೆ ಎದ್ದವು ಎಂದು ನಾನು ತೀರ್ಮಾನಿಸಿದ್ದೇನೆ. ಮನೆಯ ಗೋಡೆಯೂ ಇದಕ್ಕೆ ಒಪ್ಪುತ್ತದೆ: ಎರಡನೆಯ ಮತ್ತು ಮೂರನೆಯ ಅಂಕಣದ ನಡುವೆ ಕಲ್ಲಿನ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡಿಲ್ಲ, ನೇರವಾದ ಸೀಳೊಂದು ಅಡಿಪಾಯದಿಂದ ಮಾಳಿಗೆಯವರೆಗೆ ಕಾಣುತ್ತದೆ, ಮತ್ತು ಸೀಳಿನ ಆಚೆಯ ಕಲ್ಲುಗಳು ಈಚೆಯವಕ್ಕಿಂತ ಚಿಕ್ಕವು.

ಹಾಗಾದರೆ ಉಳಿದ ಮೂರು ಅಂಕಣಗಳನ್ನು 1930ರಿಂದ 1963ರ ನಡುವೆ ಕಟ್ಟಿದವರು ಯಾರು? ಈ ಪ್ರಶ್ನೆಗೆ ನೇರವಾದ ಉತ್ತರ ನಮ್ಮ ಕಾಗದಗಳಲ್ಲಿ ಇಲ್ಲ. ಸುಳಿವು ಸಿಕ್ಕಿದ್ದು ಪಕ್ಕದ ಹೊಲದವರ ಪತ್ರದಲ್ಲಿ. ಪ್ರತಿಯೊಂದು ಪತ್ರದಲ್ಲೂ ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆಯಲೇಬೇಕಾಗಿರುವುದರಿಂದ, ನಮ್ಮ ಹೊಲದ ಬಗ್ಗೆ ನೆರೆಯವರ ಕಾಗದಗಳೂ ಸಾಕ್ಷಿ ಹೇಳುತ್ತವೆ. ಪೂರ್ವದ ಹೊಲದವರು 1351 ಫಸಲಿಯಲ್ಲಿ ಮಾಡಿದ ಒತ್ತೆಪತ್ರದಲ್ಲಿ, ಪಶ್ಚಿಮಕ್ಕೆ ಇಂಥವರು ಉಳುವ ಹೊಲ ಎಂದು ಪಟ್ಟೇದಾರನದಲ್ಲದ, ಅಂದರೆ ದಾಖಲೆಯಲ್ಲಿನ ಮಾಲೀಕನದಲ್ಲದ, ಒಂದು ಹೆಸರಿದೆ. ಅದೇ ಹೆಸರು 1954-55ರ ಖಾಸರಾ ಪಹಣಿಯಲ್ಲಿ, ಪಟ್ಟೇದಾರನ ಹೆಸರಿನ ಪಕ್ಕದ ಕಬಜೆಯ (ಸ್ವಾಧೀನದ) ಕಾಲಮಿನಲ್ಲಿ, ಮತ್ತೆ ಬರುತ್ತದೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ ನಂತರ ಜಾಗೀರುಗಳು ರದ್ದಾಗಿ, 1950ರ ಹೈದರಾಬಾದ್ ಗೇಣಿ ಕಾಯ್ದೆ ಬಂದ ಮೇಲೆ ಸಿದ್ಧವಾದ ಈ ಖಾಸರಾ ಪಹಣಿಯನ್ನು ನಮ್ಮ ಭಾಗದ ವಕೀಲರು ಇಂದಿಗೂ ಮೊದಲು ಕೇಳುತ್ತಾರೆ.

ಒಬ್ಬ ರೈತ 1941-42ರಿಂದ 1954-55ರವರೆಗಾದರೂ ಆ ಹೊಲವನ್ನು ಉಳುತ್ತಿದ್ದ ಎಂಬುದು ಇದರಿಂದ ಗೊತ್ತಾಗುತ್ತದೆ. 1950ರ ಕಾಯ್ದೆಯ ರಕ್ಷಣೆಯಿದ್ದ ಸಂರಕ್ಷಿತ ಗೇಣಿದಾರ ಹೊಲ ಬಿಟ್ಟುಕೊಡಬೇಕಾದರೆ ಅದು ಬರಹದಲ್ಲಿರಬೇಕು, ತಹಶೀಲ್ದಾರರ ಮುಂದೆ ಆತ ಒಪ್ಪಿಕೊಳ್ಳಬೇಕು ಎಂದು ಆ ಕಾಯ್ದೆ ಹೇಳುತ್ತಿತ್ತು. ಈ ರೈತನ ಅಂಥ ರಾಜೀನಾಮೆಯ (ಹೊಲ ಬಿಟ್ಟುಕೊಟ್ಟ ಪತ್ರದ) ನಕಲು 1963ರ ಕ್ರಯಪತ್ರದ ಜೊತೆ ಹೊಲಿದಿತ್ತು. ತಾನು ಮತ್ತು ತನ್ನ ಮಕ್ಕಳು ‘ಹೊಲದೊಳಗಿನ ಮನೆಯಲ್ಲಿ ವಾಸವಿದ್ದು’ ಸಾಗುವಳಿ ಮಾಡಿದ್ದಾಗಿ, ಈಗ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾಗಿ ಆತನ ಹೇಳಿಕೆ. ಪಟ್ಟೇದಾರ ಊರೊಳಗಿನ ವಾಡೆಯಲ್ಲಿದ್ದವನು. ಸಂಸಾರ ಬೆಳೆದಂತೆ ಅಂಕಣ ಬೆಳೆಸುವ ಅಗತ್ಯವಿದ್ದದ್ದು ಹೊಲದಲ್ಲಿದ್ದ ರೈತನಿಗೆ. ಚಿಕ್ಕ ಕಲ್ಲಿನ ಆ ಮೂರು ಅಂಕಣಗಳನ್ನು ಎಬ್ಬಿಸಿದ್ದು ಆತನ ಮನೆಯವರೇ ಎಂದು ನಾನು ನಂಬುತ್ತೇನೆ. ಸ್ವಇಚ್ಛೆ ಎಂಬ ಮಾತಿನ ಹಿಂದೆ ಎಷ್ಟು ಇಚ್ಛೆಯಿತ್ತು ಎಂಬುದು ಕಾಗದದಿಂದ ತಿಳಿಯುವುದಿಲ್ಲ, ಮತ್ತು ಅದು ನನ್ನನ್ನು ಕಾಡುತ್ತದೆ.

1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ನಮೂನೆ 7ರಲ್ಲಿ, ಅಂದರೆ ಗೇಣಿದಾರರು ಒಡೆತನ ಕೋರಿ ಹಾಕುತ್ತಿದ್ದ ಅರ್ಜಿಯಲ್ಲಿ, ಯಾರಾದರೂ ಈ ಹೊಲವನ್ನು ಕೇಳಿದ್ದರೇ ಎಂದೂ ನೋಡಿದೆ. ಯಾವ ಅರ್ಜಿಯೂ ಇರಲಿಲ್ಲ.

ಇದೆಲ್ಲವನ್ನೂ ಹಿರಿಯ ಕಾಕಾನ ಮುಂದೆ ಇಟ್ಟಾಗ ಅವರು ಬಹಳ ಹೊತ್ತು ಕಾಗದಗಳನ್ನು ತಿರುವಿ, “ಮನಿ ಅವರು ಕಟ್ಟ್ಯಾರಂದ್ರ ಅದನ್ನೂ ಬರಿ, ಬಿಡಬ್ಯಾಡ” ಎಂದರು. ಪಾಲಿನ ಕಾಗದಕ್ಕೆ ಲಗತ್ತಿಸಲು ನಾನು ಸಿದ್ಧಪಡಿಸಿದ ವಂಶಾವಳಿ ಮತ್ತು ಕ್ರಯಾವಳಿಯ (ಆಸ್ತಿ ಕೈ ಬದಲಾದ ಸರಣಿಯ) ಪಟ್ಟಿಯಲ್ಲಿ, ಪಟ್ಟೇದಾರರ ಹೆಸರುಗಳ ನಡುವೆ, ಆ ಗೇಣಿದಾರನ ಹೆಸರನ್ನೂ ವಾಸದ ವರ್ಷಗಳನ್ನೂ ಸೇರಿಸಿದ್ದೇನೆ. ಆತನ ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ರಾಜೀನಾಮೆಯ ಮತ್ತು ಖಾಸರಾ ಪಹಣಿಯ ನಕಲುಗಳನ್ನು ಅವರಿಗೂ ಒಂದೊಂದು ಕೊಟ್ಟು ಬಂದಿದ್ದೇನೆ.